ಬೆನ್ನ ಮೇಲಿನ ಕೆಂಪು ವೃತ್ತಗಳು

ಶುಕ್ರವಾರ ಮಧ್ಯಾಹ್ನ, ಒಗೆದ ಬಟ್ಟೆ ಮಡಚಿಡುವ ಹೊತ್ತು. ಯಾರೋ ಬಾಗಿಲನ್ನು ಅಂಗೈಯಿಂದ ದಬದಬ ಬಡಿದರು. ತೆರೆದರೆ ಕೆಳಗಿನ ಮನೆಯ ಬೋಸ್ನಿಯಾದ ಹೆಂಗಸು. ಕಾಲಲ್ಲಿ ಬರೀ ಕಾಲುಚೀಲ. ಆರು ವರ್ಷದ ಮಗಳ ರಟ್ಟೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಮಗು ಒಂದು ಪಕ್ಕಕ್ಕೆ ವಾಲಿ ನಿಂತಿತ್ತು.

"ಸಿಸ್ಟರ್," ಎಂದಳು. ನಾನು ನರ್ಸ್ ಆಗಿದ್ದೆನೆಂದು ತಿಳಿದಂದಿನಿಂದ ನನ್ನನ್ನು ಹಾಗೆಯೇ ಕರೆಯುತ್ತಿದ್ದಳು. "ಸಿಸ್ಟರ್, ತಗೊಂಡು ಹೋಗ್ತಾರೆ."

ಯಾರು, ಏನು ಎಂದು ಕೇಳಿದರೆ ಅವಳ ಇಂಗ್ಲಿಷ್ ಅಲ್ಲಿಗೇ ಮುಗಿಯಿತು. ಉಳಿದದ್ದನ್ನು ಮಗುವೇ ಹೇಳಿತು. ಶಾಲೆಯಲ್ಲಿ ಕೆಮ್ಮು ಬಂತು. ಶಾಲೆಯ ನರ್ಸ್ ಅಂಗಿ ಎತ್ತಿ ಬೆನ್ನು ನೋಡಿದಳು. ನೋಡಿದವಳೇ ಕೋಣೆಯ ಬಾಗಿಲು ಮುಚ್ಚಿ ಯಾರಿಗೋ ಫೋನ್ ಮಾಡಿದಳು.

"ಸಂಜೆ ಒಬ್ಬ ಲೇಡಿ ನಮ್ಮ ಮನೆಗೆ ಬರ್ತಾಳಂತೆ. ಅವಳು ನನ್ನನ್ನ ಕರ್ಕೊಂಡು ಹೋಗ್ತಾಳೆ ಅಂತ ಅಮ್ಮ ಹೇಳ್ತಾಳೆ."

ಒಳಗೆ ಕರೆದು ಮಗುವಿನ ಅಂಗಿ ಎತ್ತಿದೆ. ಬೆನ್ನಿನ ಎರಡೂ ಬದಿಗೆ ದುಂಡನೆಯ ಗುರುತುಗಳು. ಕೆಂಪು, ಒಂದೆರಡು ಕಡೆ ನೇರಳೆ. ಬಳೆ ಒತ್ತಿ ತೆಗೆದ ಹಾಗೆ ಅಂಚು ಸ್ಪಷ್ಟವಾಗಿತ್ತು. ಆಮೇಲೆ ಕೈ ತನ್ನ ಕೆಲಸ ತಾನು ಮಾಡಿತು. ಚರ್ಮ ಒಡೆದಿಲ್ಲ, ಗುಳ್ಳೆಯಿಲ್ಲ, ಒತ್ತಿದರೆ ಮಗು ಮುಖ ಕಿವಿಚುವುದಿಲ್ಲ. ಎದೆಯಲ್ಲಿ ಮಾತ್ರ ಕಫದ ಸದ್ದು.

"ಏನು ಹಾಕಿದೆ?" ಎಂದೆ.

ಅವಳು ಕೆಳಗೆ ಓಡಿಹೋಗಿ ತಂದು ತೋರಿಸಿದಳು. ಅಂಗಡಿಯ ಸಾಸಿವೆ ಪೇಸ್ಟ್ ಬರುವ ಪುಟ್ಟ ಗಾಜಿನ ಬಾಟಲಿಗಳು. ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಗೆ ಬೆಂಕಿ ಹಚ್ಚಿ, ಬಾಟಲಿಯೊಳಗೆ ಒಂದು ಸಲ ಆಡಿಸಿ ತೆಗೆದು, ಥಟ್ಟನೆ ಬೆನ್ನ ಮೇಲೆ ಬೋರಲು ಹಾಕುವುದು. ಒಳಗಿನ ಗಾಳಿ ಆರುತ್ತಿದ್ದಂತೆ ಬಾಟಲಿ ಚರ್ಮವನ್ನು ಹೀರಿ ಹಿಡಿಯುತ್ತದೆ. ಕಫ ಸಡಿಲವಾಗುತ್ತದೆಂಬ ನಂಬಿಕೆ.

ಇದು ನನಗೆ ಹೊಸದಲ್ಲ. ನಮ್ಮ ಹುಬ್ಬಳ್ಳಿ ಕಡೆ ಹೊಟ್ಟೆನೋವು ಬಿಡದಿದ್ದರೆ ಹೊಕ್ಕುಳ ಮೇಲೆ ಬತ್ತಿ ಹಚ್ಚಿಟ್ಟು, ಅದರ ಮೇಲೆ ತಂಬಿಗೆ ಬೋರಲು ಹಾಕುತ್ತಿದ್ದರು. ತಂಬಿಗೆ ಕಚ್ಚಿಕೊಂಡರೆ ನೋವು ಹೋಯಿತೆಂದೇ ಲೆಕ್ಕ. ನಾನು ಕಲಿತ ನರ್ಸಿಂಗ್ ಶಾಲೆಯಲ್ಲಿ ಮೇಟ್ರನ್ ಇಂಥವನ್ನೆಲ್ಲ 'ಅಜ್ಞಾನ' ಎಂಬ ಒಂದೇ ಶಬ್ದದಲ್ಲಿ ಮುಗಿಸುತ್ತಿದ್ದರು. ಬೆಳಕು ಹರಿಯುವ ಮೊದಲೇ ಗಂಟೆ, ಹಾಸಿಗೆಯ ಮೂಲೆಯನ್ನು ಲಕೋಟೆಯ ಹಾಗೆ ಮಡಚುವುದು, ಉಗುರಿನ ತಪಾಸಣೆ, ಪ್ರಾರ್ಥನೆ, ನೇರ ವಾರ್ಡು. ಆ ಶಿಸ್ತಿನಲ್ಲಿ ಬೆಳೆದ ನಾನು ಒಂದು ದಿನ ಬೆಂಕಿ ತೋರಿಸಿದ ಬಾಟಲಿಗಳ ಪರವಾಗಿ ಮಾತಾಡಬೇಕಾಗುತ್ತದೆಂದು ಎಣಿಸಿರಲಿಲ್ಲ.

"ಯಾಕೆ ಹಾಕಿದೆ? ನನ್ನನ್ನ ಕರೀಬಾರದಿತ್ತಾ?"

"ಶಾಲೆ," ಎಂದಳು. "ಶಾಲೆಗೆ ಹೋಗ್ಬೇಕು. ಹೋಗದಿದ್ರೆ ಸರ್ಕಾರದವರು ಬರ್ತಾರೆ."

ಮಗು ಪದೇ ಪದೇ ಶಾಲೆ ತಪ್ಪಿಸಿದರೆ ವಿಚಾರಿಸಲು ಬರುತ್ತಾರೆಂದು ಅವಳಿಗೆ ಯಾರೋ ಹೇಳಿದ್ದರು. ಆ ಹೆದರಿಕೆಗೇ, ಕೆಮ್ಮು ಬೇಗ ಇಳಿಯಲೆಂದು ಬಾಟಲಿ ಹಾಕಿದ್ದಳು. ಈಗ ಬಾಟಲಿಯೇ ಅವರನ್ನು ಕರೆಸಿತ್ತು.

ಅದು ತೊಂಬತ್ತರ ದಶಕದ ನಡುಭಾಗ. ನಮ್ಮ ಪರಿಚಯದ ಕನ್ನಡದವರೆಲ್ಲ ಒಬ್ಬೊಬ್ಬರಾಗಿ ಊರಾಚೆಯ ಹೊಸ ಬಡಾವಣೆಗಳಾದ ಅಲ್ಫರೆಟಾ, ಸುವಾನಿ ಕಡೆ ಮನೆ ಕೊಂಡು ಹೋಗಿದ್ದರು. ಅಟ್ಲಾಂಟಾದ ಪೂರ್ವಕ್ಕಿದ್ದ ಆ ಹಳೆಯ ಅಪಾರ್ಟ್‌ಮೆಂಟಿನಲ್ಲಿ ನಾವಿಬ್ಬರೇ ಉಳಿದಿದ್ದೆವು. ಬಸ್ಸು ಹತ್ತಿರ, ಲೈಬ್ರರಿ ಹತ್ತಿರ, ಹುಲ್ಲು ಕತ್ತರಿಸುವ ರಗಳೆಯಿಲ್ಲ ಎಂದು ಯಜಮಾನರ ವಾದ. ಅದೇ ಕಾರಣಕ್ಕೆ ನಿರಾಶ್ರಿತರನ್ನೂ ಅಲ್ಲಿಗೇ ತಂದು ಇಳಿಸುತ್ತಿದ್ದರು. ಬೋಸ್ನಿಯಾದವರು ಆಗಿನ್ನೂ ಬರತೊಡಗಿದ್ದರಷ್ಟೆ. ನಮ್ಮ ಕಟ್ಟಡಗಳಲ್ಲಿ ಈ ತಾಯಿ ಮಗಳು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಯುದ್ಧದಲ್ಲಿ ಅವಳ ಊರಿಗೆ ಬಂದ ಸೈನಿಕರು ಹೀಗೆಯೇ ಒಂದು ದಿನ ಬಾಗಿಲು ಬಡಿದು, ಕೆಲವು ಪ್ರಶ್ನೆ ಕೇಳಿ ಕಳಿಸುತ್ತೇವೆಂದು ಗಂಡಸರನ್ನು ಬಸ್ಸು ಹತ್ತಿಸಿದ್ದರಂತೆ. ಗಂಡನ ಸುದ್ದಿ ಆಮೇಲೆ ಬರಲಿಲ್ಲ.

ಸಂಜೆ ಕೆಳಗಿನ ಮನೆಗೆ ಬಂದ ಮಕ್ಕಳ ರಕ್ಷಣಾ ಇಲಾಖೆಯ ಅಧಿಕಾರಿ ನಲವತ್ತರ ಹೆಂಗಸು. ದಣಿದ ಮುಖ, ಮೆಲುದನಿ. ಫೋಟೋ ಅಲ್ಲೇ ಅಚ್ಚಾಗಿ ಹೊರಬರುವ ಕ್ಯಾಮೆರಾದಲ್ಲಿ ಮಗುವಿನ ಬೆನ್ನಿನ ಫೋಟೋ ತೆಗೆದಳು. ಪ್ರತಿ ಸಲ ಬೆಳಕು ಮಿಂಚಿದಾಗಲೂ ತಾಯಿ ಬೆಚ್ಚಿಬೀಳುತ್ತಿದ್ದಳು. ನಾನು ಮಾತು ಶುರುಮಾಡಿದೆ.

"ಇದು ಹಳೇ ಕಾಲದ ಔಷಧಿ. ಹೊಡೆದದ್ದಲ್ಲ, ಸುಟ್ಟದ್ದೂ ಅಲ್ಲ. ನಮ್ಮ ಊರಲ್ಲೂ ಇಂಥದ್ದೇ ಮಾಡ್ತಾರೆ."

"ನಿಮ್ಮ ಊರು ಯಾವುದು, ಮ್ಯಾಮ್?"

"ಇಂಡಿಯಾ."

"ಇವರು ಇಂಡಿಯಾದವರಾ?"

"ಅಲ್ಲ. ಯುರೋಪಿನವರು."

"ಅದೇ ನಾನು ಹೇಳೋದು. ಯುರೋಪಿನಲ್ಲಿ ಮಕ್ಕಳ ಬೆನ್ನಿಗೆ ಬೆಂಕಿ ಬಾಟಲಿ ಹಾಕ್ತಾರೆ ಅಂತ ನಾನು ಎಲ್ಲೂ ಕೇಳಿಲ್ಲ. ಅವರ ಕಡೆಯವರು ಯಾರಾದ್ರೂ ಬಂದು ಹೇಳಲಿ, ಕೇಳ್ತೀನಿ."

ಸೋಮವಾರ ಮತ್ತೆ ಬರುತ್ತೇನೆಂದಳು. ಅಲ್ಲಿಯವರೆಗೆ ತಾಯಿ ಮಗಳು ನನ್ನ ಕಣ್ಣೆದುರು ಇರಬೇಕು. ಸೋಮವಾರವೂ ತನಗೆ ನಂಬಿಕೆ ಬರದಿದ್ದರೆ ಮಗುವನ್ನು ಬೇರೆ ಮನೆಯಲ್ಲಿ ಇಡಬೇಕಾಗುತ್ತದೆ ಎಂದು, ಬಹಳ ಸೌಜನ್ಯದಿಂದ ಹೇಳಿ ಹೋದಳು.

ಇಬ್ಬರನ್ನೂ ನಮ್ಮ ಮನೆಗೆ ಕರೆತಂದೆ. ಯಜಮಾನರು ಅಡುಗೆಮನೆಗೆ ಬಂದು ದನಿ ತಗ್ಗಿಸಿದರು.

"ಊರ ಉಸಾಬರಿ ನಿನಗ್ಯಾಕ ಬೇಕಿತ್ತು? ನಾಳೆ ನಿನ್ನ ಹೆಸರೂ ಅದರಾಗ ಬರತದ."

"ಬರಲಿ."

"ಬರಲಿ ಅಂತೀ. ಕೈ ನೋಡಿಕೋ. ಅರ್ಧ ಚಹಾ ಬಸಿಯಾಗೈತಿ."

ನಿಜ. ಕಪ್ಪಿನ ಕೆಳಗಿನ ಬಸಿ ತುಂಬಿತ್ತು. ಅವರೇ ಅದನ್ನು ತೆಗೆದುಕೊಂಡು ಸುರ್‍ರೆಂದು ಕುಡಿದು, ಮಗುವಿಗೆ ಬಿಸಿನೀರು ಕಾಯಿಸಲು ಇಟ್ಟರು.

ಮರುದಿನ ಬೆಳಿಗ್ಗೆ ಅಲ್ಫರೆಟಾದಿಂದ ಮೈಸೂರಿನ ಹುಡುಗಿಯೊಬ್ಬಳ ಫೋನ್ ಬಂತು. ಅವಳ ಗಂಡ ಕಂಪ್ಯೂಟರ್ ಕೆಲಸದಲ್ಲಿದ್ದ. ಮಗಳು ಆಗತಾನೇ ಶಾಲೆಗೆ ಸೇರಿದ್ದಳು. ವಿಷಯ ಹೇಳಿದೆ. ಆ ಕಡೆ ಅವಳು ಎದ್ದು ಬಾಗಿಲು ಹಾಕಿಕೊಂಡದ್ದು ಕೇಳಿಸಿತು.

"ಆಂಟಿ, ಪ್ಲೀಸ್, ನೀವು ಇನ್ವಾಲ್ವ್ ಆಗ್ಬೇಡಿ. ನಮ್ದು ಇನ್ನೂ ವೀಸಾ. ನೀವು ನಮ್ಮನೆಗೆ ಬಂದು ಹೋಗಿ ಮಾಡ್ತೀರಾ, ನಾಳೆ ನಮ್ಮನ್ನೂ ಕೇಳಿದ್ರೆ?"

"ನಿಮ್ಮನ್ನ ಯಾಕೆ ಕೇಳ್ತಾರೆ?"

"ಯಾರಿಗೆ ಗೊತ್ತು? ನಾನಂತೂ ದೃಷ್ಟಿಬೊಟ್ಟನ್ನೂ ಒರೆಸಿಯೇ ಸ್ಕೂಲ್‌ಗೆ ಡ್ರಾಪ್ ಮಾಡ್ತೀನಿ, ಆಂಟಿ. ಗಾಯ ಅಂದ್ಕೊಂಡ್ರೆ ಏನ್ ಮಾಡ್ಲಿ?"

ಅವಳನ್ನು ಬೈಯಲು ಬಾಯಿ ಬರಲಿಲ್ಲ. ಆಗ ನಮ್ಮ ಜನರಲ್ಲಿ ಈ ಹೆದರಿಕೆ ಮನೆಮನೆಯಲ್ಲೂ ಇತ್ತು. ಮಗುವಿಗೆ ಒಂದೇಟು ಹಾಕಿದರೆ ಕಿಟಕಿ ಮುಚ್ಚಿ ಹಾಕುತ್ತಿದ್ದರು.

ಯುರೋಪಿನವರೇ ಬೇಕೆಂದರೆ ನನಗೆ ತೋಚಿದ್ದು ಒಂದೇ ದಾರಿ. ನಿವೃತ್ತಿಯ ನಂತರ ನಾನು ಊರ ಲೈಬ್ರರಿಯ ಸಭಾಕೋಣೆಯನ್ನು ನೋಡಿಕೊಳ್ಳುತ್ತಿದ್ದೆ. ಬೀಗ ತೆಗೆಯುವುದು, ಕುರ್ಚಿ ಸಾಲು ಮಾಡುವುದು, ಹೊತ್ತು ಮೀರಿದವರನ್ನು ಎಬ್ಬಿಸುವುದು. ಸಂಬಳವಿಲ್ಲದ ಕೆಲಸ, ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿ ತಿಂಗಳಿಗೊಮ್ಮೆ, ಶನಿವಾರ, ಯುರೋಪಿನಿಂದ ಬಂದವರ ಒಂದು ಬಳಗ ಸೇರುತ್ತಿತ್ತು. ಪೋಲಂಡ್, ಗ್ರೀಸ್, ಹಂಗೇರಿಯ ಹಿರಿಯರು. ಕಸೂತಿ ತೋರಿಸುವರು, ಬ್ರೆಡ್ ಹಂಚುವರು, ಹಾಡುವರು. ನೆರೆಯ ಅಮೆರಿಕನ್ನರು ಬಂದು ಚಪ್ಪಾಳೆ ತಟ್ಟುವರು. ಬಳಗವನ್ನು ನಡೆಸುತ್ತಿದ್ದವಳು ಪೋಲಂಡಿನ ವಿಧವೆ, ಪಿಯಾನೋ ಟೀಚರು, ನನ್ನದೇ ವಯಸ್ಸು.

ಕೆಲವು ತಿಂಗಳ ಹಿಂದೆ ನಾನೇ ಬೋಸ್ನಿಯಾದ ಈ ತಾಯಿಯನ್ನು ಅಲ್ಲಿಗೆ ಕರೆದೊಯ್ದಿದ್ದೆ. ಹಾಳೆಯಷ್ಟು ತೆಳುವಾಗಿ ಎಳೆದ ಹಿಟ್ಟಿನಲ್ಲಿ ಆಲೂಗಡ್ಡೆ ಸುತ್ತಿ ಬೇಯಿಸಿದ ತಿಂಡಿಯನ್ನು ಅವಳು ದೊಡ್ಡ ತಟ್ಟೆಯ ತುಂಬ ತಂದಿದ್ದಳು. ಗ್ರೀಸಿನವರು ಎರಡೆರಡು ತಿಂದರು. ಪೋಲಂಡಿನಾಕೆ ಅವಳು ತಲೆಗೆ ಕಟ್ಟಿದ್ದ ವಸ್ತ್ರ ನೋಡಿ ನನ್ನ ಕಿವಿಯಲ್ಲಿ, "ಇವರು ತುರ್ಕರ ಕಡೆಯವರಲ್ವಾ? ನಮ್ಮದು ಯುರೋಪಿನ ಬಳಗ," ಎಂದಳು. ಮೆಲ್ಲಗೆ ಹೇಳಿದ್ದು, ಆದರೆ ಮುಖ ನೋಡಿದರೆ ಅರ್ಥವಾಗುವಂಥದ್ದು. ತಾಯಿ ಮತ್ತೆ ಅತ್ತ ಹೋಗಲಿಲ್ಲ.

ಅದೃಷ್ಟಕ್ಕೆ ಆ ತಿಂಗಳ ಸಭೆ ಅಂದೇ ಇದ್ದದ್ದರಿಂದ ತಾಯಿ ಮಗಳನ್ನು ಯಜಮಾನರಿಗೆ ಒಪ್ಪಿಸಿ ಹೋದೆ. ಸಭೆ ಮುಗಿದು, ಕುರ್ಚಿ ಎತ್ತಿಡುವಾಗ, ಆ ಪೋಲಂಡಿನಾಕೆಗೇ ನಾನು ಎಲ್ಲ ಹೇಳಿದೆ. ಅವಳು ಕುರ್ಚಿ ಬಿಟ್ಟು ನಿಂತಳು.

"ಬೆನ್ನುಮೂಳೆಯ ಮೇಲೆ ಹಾಕಿದಾಳಾ, ಬಿಟ್ಟು ಹಾಕಿದಾಳಾ?"

"ಬಿಟ್ಟು."

"ಹಾಗಾದ್ರೆ ತಿಳಿದವಳು," ಎಂದಳು. "ನಮ್ಮಲ್ಲಿ ಹಾಕದ ಮನೆ ಯಾವುದಿತ್ತು? ನನ್ನ ಅಜ್ಜಿ ಹಾಕ್ತಿದ್ದಳು, ಅಮ್ಮ ಹಾಕ್ತಿದ್ದಳು."

"ಸೋಮವಾರ ಬಂದು ಇದನ್ನೇ ಹೇಳಿ."

"ನಾನಾ?" ಅವಳು ಬಾಗಿಲ ಕಡೆ ನೋಡಿದಳು. "ಈ ಊರಿನ ಜನ ನನ್ನ ಬಳಿ ಮಕ್ಕಳನ್ನ ಪಿಯಾನೋ ಕಲಿಯೋಕೆ ಕಳಿಸ್ತಾರೆ. ಯುರೋಪ್ ಅಂದ್ರೆ ಅವರಿಗೆ ಸಂಗೀತ, ಚರ್ಚು, ಚಿತ್ರ. ನಾನು ಹೋಗಿ, ನಾವೂ ಬೆನ್ನಿಗೆ ಬೆಂಕಿ ಹಾಕೋ ಜನ ಅಂತ ಸರ್ಕಾರಕ್ಕೆ ಹೇಳ್ಲಾ? ಆಮೇಲೆ ಯಾರು ಮಕ್ಕಳನ್ನ ಕಳಿಸ್ತಾರೆ?"

"ಆ ಮಗುವನ್ನ ಒಯ್ದರೆ?"

ಅವಳು ಕೋಟು ಹಾಕಿಕೊಂಡು ಹೊರಟುಹೋದಳು. ಉಳಿದ ಕುರ್ಚಿಗಳನ್ನು ನಾನೊಬ್ಬಳೇ ಎತ್ತಿಟ್ಟೆ.

ಭಾನುವಾರದಷ್ಟು ಉದ್ದದ ದಿನವನ್ನು ನಾನು ಕಂಡಿಲ್ಲ. ಬೆಳಗಿನ ನಡಿಗೆ, ಪೂಜೆ, ಅಡುಗೆ, ಎಲ್ಲವನ್ನೂ ಅದರದರ ಹೊತ್ತಿಗೆ ಮಾಡಿದೆ. ಮಾಡದಿದ್ದರೆ ಕೂತಲ್ಲೇ ಕುಸಿಯುತ್ತಿದ್ದೆ. ತಾಯಿ ಸೋಫಾದ ತುದಿಯಲ್ಲಿ ಬಾಗಿಲಿಗೆ ಮುಖಮಾಡಿ ಕೂತಿದ್ದಳು. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಮಗುವನ್ನು ಬೆನ್ನ ಹಿಂದೆ ಸರಿಸುತ್ತಿದ್ದಳು. ಮಗುವಿನ ಬೂಟು ಕಾಣದೆ ಹುಡುಕಿದರೆ ನಮ್ಮ ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು. ಅವಳೇ ಬಚ್ಚಿಟ್ಟಿದ್ದಳು. ಬೂಟಿಲ್ಲದ ಮಗುವನ್ನು ಯಾರೂ ಒಯ್ಯಲಾರರು ಎಂದುಕೊಂಡಿದ್ದಳೋ ಏನೋ.

ಊಟದ ನಂತರ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು.

"ಕೆರೊಲಿನಾ ಎಷ್ಟು ದೂರ?"

"ಯಾಕೆ?"

"ಅದು ಬೇರೆ ರಾಜ್ಯ. ಗಡಿ ಇದೆ. ಈ ಲೇಡಿ ಅಲ್ಲಿಗೆ ಬರಲ್ಲ, ಅಲ್ವಾ?"

ಗಡಿ ದಾಟಿದರೆ ಬದುಕುತ್ತೇವೆ ಎಂಬುದನ್ನು ಅವಳು ಒಮ್ಮೆ ಕಲಿತಿದ್ದಳು. ಆ ಪಾಠ ಇಲ್ಲಿ ಅವಳನ್ನು ಮುಳುಗಿಸುತ್ತಿತ್ತು. ಮಗುವಿನೊಂದಿಗೆ ಓಡಿಹೋದ ತಾಯಿಯ ಮಾತನ್ನು ಯಾವ ಅಧಿಕಾರಿ ನಂಬುತ್ತಾಳೆ? ಓಡಬೇಡ, ಓಡಿದರೆ ಎಲ್ಲ ಮುಗಿಯಿತು ಎಂದು ಸಣ್ಣ ಸಣ್ಣ ಇಂಗ್ಲಿಷ್ ಮಾತುಗಳಲ್ಲಿ ಮತ್ತೆ ಮತ್ತೆ ಹೇಳಿದೆ. ಅವಳು ತಲೆಯಾಡಿಸಿದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಯಜಮಾನರು ತಮ್ಮ ಕುರ್ಚಿಯನ್ನು ಎಳೆದು ಬಾಗಿಲಿಗೆ ಒತ್ತಿಟ್ಟು, ಹಳೆಯ ಪೇಪರು ಹಿಡಿದು ಕೂತರು.

ಸೋಮವಾರ ಮಧ್ಯಾಹ್ನ ಅಧಿಕಾರಿ ಬಂದಳು. ಕೆಳಗಿನ ಮನೆಯಲ್ಲಿ ಎಲ್ಲರೂ ನಿಂತೇ ಇದ್ದೆವು. ಅವಳು ಬ್ಯಾಗು ತೆರೆಯುವಷ್ಟರಲ್ಲಿ ಮತ್ತೆ ಬಾಗಿಲು ಬಡಿಯಿತು. ಪೋಲಂಡಿನಾಕೆ! ತಲೆಗೂದಲು ಸಂಗೀತ ಕಛೇರಿಗೆ ಹೊರಟಂತೆ ತಿದ್ದಿತ್ತು. ಒಳ್ಳೆಯ ಕೋಟು, ಕೈಗೆ ಗವಸು. ಯಾರನ್ನೂ ಮಾತಾಡಿಸದೆ ಅಧಿಕಾರಿಯ ಮುಂದೆ ಹೋಗಿ ನಿಂತಳು.

"ನಾನು ಪೋಲಂಡ್. ಯುರೋಪ್," ಎಂದಳು. "ನನ್ನ ಬೆನ್ನ ಮೇಲೂ ಹೀಗೇ ಹಾಕಿ ಬೆಳೆಸಿದ್ದಾರೆ."

ಅಧಿಕಾರಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ನೀವೆಲ್ಲ ಪರಿಚಯದವರು. ಮೊದಲೇ ಮಾತಾಡ್ಕೊಂಡು ಬಂದಿರಬಹುದು," ಎಂದಳು.

ಪೋಲಂಡಿನಾಕೆ ಅವಳನ್ನೇ ದಿಟ್ಟಿಸಿದಳು. ಗವಸು ಕಳಚಿದಳು. ಕೋಟು ಕಳಚಿ ನನ್ನ ಕೈಗೆ ಕೊಟ್ಟಳು. ಯಜಮಾನರು ಬೇಗ ಬೇಗ ಹೊರಗೆ ಹೋದರು. ಅವಳು ಬ್ಲೌಸಿನ ಗುಂಡಿ ಬಿಚ್ಚಿ, ಸೋಫಾದ ಮೇಲೆ ಬೋರಲು ಮಲಗಿ, ಬೋಸ್ನಿಯಾದ ತಾಯಿಗೆ ತನ್ನ ಭಾಷೆಯಲ್ಲೇ ಏನೋ ಹೇಳಿದಳು. ಕೊಂಕಣಿ ಮಾತಿನಲ್ಲಿ ಮರಾಠಿಯವರಿಗೆ ಅಷ್ಟಿಷ್ಟು ಸಿಕ್ಕುವ ಹಾಗೆ, ಆ ಎರಡು ಭಾಷೆಗಳ ನಡುವೆಯೂ ಏನೋ ಸಿಕ್ಕಿತು. ತಾಯಿ ಬಾಟಲಿ ತರಲು ಹೋದಳು.

ತಂದಳು, ಆದರೆ ಕಡ್ಡಿ ಗೀರಲಾಗಲಿಲ್ಲ. ಯಾವ ಕೆಲಸಕ್ಕೆ ಮಗುವನ್ನು ಕಳೆದುಕೊಳ್ಳುವಂತಾಗಿದೆಯೋ ಅದನ್ನೇ ಆ ಅಧಿಕಾರಿಯ ಕಣ್ಣೆದುರು ಮಾಡಬೇಕು. ಎರಡು ಕಡ್ಡಿ ಮುರಿದವು. ನಾನು ಕಿಟಕಿ ತೆರೆದು, ಒದ್ದೆ ಟವೆಲ್ ಹಿಡಿದು ನಿಂತೆ. ಒಂದು ಕಿಡಿ ಬಿದ್ದರೆ, ಒಂದು ಬೊಬ್ಬೆ ಎದ್ದರೆ, ಮಗು ಹೋಯಿತು.

"ಬೇಗ ಹಾಕು ತಾಯಿ," ಎಂದಳು ಮಲಗಿದ್ದವಳು ಇಂಗ್ಲಿಷಿನಲ್ಲಿ. "ಇವಳು ಕಿಟಕಿ ಬೇರೆ ತೆರೆದಿದಾಳೆ. ನ್ಯುಮೋನಿಯಾ ಬಂದ್ರೆ ಅದಕ್ಕೂ ನೀನೇ ಬಾಟಲಿ ಹಾಕ್ಬೇಕು."

ಮೂರನೆಯ ಕಡ್ಡಿ ಹತ್ತಿತು. ನೀಲಿ ಉರಿ ಬಾಟಲಿಯೊಳಗೆ ಹೋಗಿ ಬಂತು. ಬಾಟಲಿ ಥಪ್ಪೆಂದು ಬೆನ್ನಿಗೆ ಕಚ್ಚಿತು. ಮುದಿ ಚರ್ಮ ಗಾಜಿನೊಳಗೆ ಮೆಲ್ಲಗೆ ಉಬ್ಬತೊಡಗಿದಾಗ ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದಳು. ನಾಲ್ಕನೆಯ ಬಾಟಲಿಯನ್ನು ತಾಯಿ ಅಧಿಕಾರಿಯ ಕಡೆ ನೋಡದೆಯೇ ಹಾಕಿದಳು. ಹೊದಿಕೆ ಹೊದಿಸಿದಳು. ಪೋಲಂಡಿನಾಕೆ ಕಣ್ಣು ಮುಚ್ಚಿ, ಅಮ್ಮ ಬಾಟಲಿ ಹಾಕುವಾಗ ತನಗೂ ತಂಗಿಗೂ ಕಥೆ ಹೇಳುತ್ತಿದ್ದದ್ದನ್ನು ಗೊಣಗುತ್ತ ಗೊಣಗುತ್ತ ಗೊರಕೆ ಹೊಡೆದುಬಿಟ್ಟಳು.

ಬಾಟಲಿ ತೆಗೆದಾಗ ಅದೇ ಗುರುತುಗಳು. ಅದೇ ಕೆಂಪು, ಅದೇ ಅಂಚು. ಅಧಿಕಾರಿ ಹೆಬ್ಬೆರಳಿಂದ ಒತ್ತಿ ನೋಡಿದಳು.

"ನೋವಾಗುತ್ತಾ?"

"ನೀನು ಒತ್ತಿದ್ರೆ ಆಗುತ್ತೆ."

ಅಧಿಕಾರಿ ಕ್ಯಾಮೆರಾ ತೆಗೆದಳು. "ತೆಗಿ, ತೆಗಿ," ಎಂದಳು ಪೋಲಂಡಿನಾಕೆ. "ನನ್ನ ಗಂಡನೂ ಇಂಥ ಫೋಟೋ ತೆಗೆದಿರಲಿಲ್ಲ."

ಅಧಿಕಾರಿ ಎರಡು ಬೆನ್ನಿನ ಫೋಟೋಗಳನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು. ಕೊನೆಗೆ ಹೇಳಿದಳು. ಮಗು ತಾಯಿಯ ಬಳಿಯೇ ಇರಬಹುದು. ಆದರೆ ಚಳಿಗಾಲ ಮುಗಿಯುವವರೆಗೆ ತಾನು ಆಗಾಗ ಬರುತ್ತೇನೆ. ಈ ಬಾಟಲಿಗಳನ್ನು ಮಾತ್ರ ಮಗುವಿಗೆ ಮತ್ತೆ ಮುಟ್ಟಿಸಕೂಡದು. ಮಗು ಅದನ್ನು ತಾಯಿಗೆ ಹೇಳಿತು. ತಾಯಿ ನಿಂತಲ್ಲೇ ನೆಲಕ್ಕೆ ಕೂತಳು.

ಭಯ ಅಲ್ಲಿಗೆ ಮುಗಿಯುತ್ತದೆಂದು ನಾನು ತಿಳಿದಿದ್ದೆ. ಬಾಟಲಿ ಬೇಡ ಎಂದದ್ದನ್ನು ಅವಳು ಎಲ್ಲವೂ ಬೇಡ ಎಂದು ಕೇಳಿಸಿಕೊಂಡಿದ್ದಳು. ಮನೆಯಲ್ಲಿ ಹಿಟ್ಟು ಎಳೆಯುವುದು ನಿಂತಿತು. ಡಬ್ಬದ ಸೀರಿಯಲ್ ಬಂತು. ತಲೆಗೆ ಕಟ್ಟುತ್ತಿದ್ದ ವಸ್ತ್ರ ಹೋಯಿತು. ಮಗುವಿನ ಜಡೆ ಹೆಣೆಯುವುದು ನಿಂತಿತು, ಬಿಗಿಯಾದರೆ ಗುರುತು ಬೀಳುತ್ತದೆಂದು. ಬಸ್ಸಿಗೆ ಹೋಗುವಾಗ ತಾಯಿ ಮಗಳ ನಡುವೆ ಒಂದು ಗೇಣು ಜಾಗ. ಪೋಲಂಡಿನಾಕೆ ತಾನಾಗಿ ಬಂದು ಅವಳನ್ನು ಬಳಗಕ್ಕೆ ಕರೆದೊಯ್ದು, ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು. ಈ ತಾಯಿ ಅಂಗಡಿಯ ಬಿಸ್ಕತ್ತು ಪೊಟ್ಟಣ ಮೇಜಿನ ಮೇಲಿಟ್ಟಳು.

"ಎಲ್ಲಿ ಆ ಆಲೂಗಡ್ಡೆ ತಿಂಡಿ?"

"ಇದು ಅಮೆರಿಕನ್. ಇದು ಒಳ್ಳೇದು."

ಪೋಲಂಡಿನಾಕೆ ನನ್ನ ಕಡೆ ತಿರುಗಿ ಸಿಡಿದಳು. "ನಾನು ಈ ಬಿಸ್ಕತ್ತಿಗೋಸ್ಕರ ಬ್ಲೌಸ್ ಬಿಚ್ಚಿದ್ನಾ?"

ಅಧಿಕಾರಿಯ ಕೊನೆಯ ಭೇಟಿ ವಸಂತಕಾಲದಲ್ಲಿ. ಮಗು ಗುಂಡಗಾಗಿತ್ತು, ಮನೆ ಆಸ್ಪತ್ರೆಯಷ್ಟು ಚೊಕ್ಕಟವಾಗಿತ್ತು. ಇನ್ನು ನಾನು ಬರುವುದಿಲ್ಲ, ನೀವು ಒಳ್ಳೆಯ ತಾಯಿ ಎಂದು ಹೇಳಿ ಅಧಿಕಾರಿ ಎದ್ದಳು. ಆಗ ತಾಯಿ ಬಗ್ಗಿ ಮಗುವಿನ ಕಿವಿಯಲ್ಲಿ ಏನೋ ಕೇಳಿದಳು.

"ಅಮ್ಮ ಒಂದು ಕೇಳ್ತಿದಾಳೆ," ಎಂದಿತು ಮಗು. "ನನಗೆ ಮತ್ತೆ ಕೆಮ್ಮು ಬಂದ್ರೆ ಅವಳು ನನ್ನನ್ನ ಎತ್ಕೋಬಹುದಾ ಅಂತ."

ಅಧಿಕಾರಿಗೆ ತಕ್ಷಣ ತಿಳಿಯಲಿಲ್ಲ. "ಏನಂದೆ?"

ಮಗು ಮಂದಮತಿಯವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿತು. "ಎತ್ಕೊಂಡ್ರೆ. ನನ್ನನ್ನ. ತಪ್ಪಾಗುತ್ತಾ?"

ಅಧಿಕಾರಿ ಮತ್ತೆ ಕೂತಳು. ಅವಳ ಮುಖ ನೋಡಲು ನನಗಾಗಲಿಲ್ಲ. "ಅದಕ್ಕೆ ಯಾರನ್ನೂ ಕೇಳ್ಬೇಕಾಗಿಲ್ಲ ಅಂತ ಅಮ್ಮನಿಗೆ ಹೇಳು, ಮರಿ," ಎಂದಳು.

ಮಗು ಹೇಳಿತು. ತಾಯಿ ಅಧಿಕಾರಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಆದರೂ ಅವಳು ಕೈಕಟ್ಟಿಕೊಂಡೇ ನಿಂತಿದ್ದಳು. ಅಧಿಕಾರಿ ಮೆಟ್ಟಿಲಿಳಿದು ಹೋಗಿ ಕಾರು ಹತ್ತಿ, ಕಾರು ರಸ್ತೆಗೆ ತಿರುಗಿ ಮರೆಯಾಗುವವರೆಗೂ ಹಾಗೆಯೇ ನಿಂತಿದ್ದಳು. ಕಿಟಕಿಯ ಪರದೆ ಸರಿಸಿ ಇನ್ನೊಮ್ಮೆ ನೋಡಿದಳು. ಆಮೇಲೆ ಬಗ್ಗಿ ಎತ್ತಿಕೊಂಡಳು. ಎತ್ತಿಕೊಳ್ಳುವ ವಯಸ್ಸು ದಾಟಿದ ಮಗು. ಅದರ 
ಕಾಲುಗಳು ಅವಳ ಮೊಣಕಾಲಿನವರೆಗೆ ಇಳಿಬಿದ್ದಿದ್ದವು.